ಮೂರು ಪುಸ್ತಕ, ಒಂದು ಹಾಜರಿ ಪುಸ್ತಕ

ಶಿಕ್ಷಣದ ಬಗ್ಗೆ ಬರೆದ ಪುಸ್ತಕ ಎಂದರೆ ನನಗೆ ಮೊದಲಿಂದಲೂ ಸ್ವಲ್ಪ ಅಲರ್ಜಿ. ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಓದುವಾಗ ರೂಸೋ, ಫ್ರೊಬೆಲ್, ಮಾಂಟೆಸ್ಸೊರಿ ಎಂಬ ಶಿಕ್ಷಣ ಚಿಂತಕರೆಲ್ಲರನ್ನೂ ಐದೈದು ಅಂಕದ ಟಿಪ್ಪಣಿಗೆಂದು ಉರು ಹೊಡೆದವಳು ನಾನು. ಪರೀಕ್ಷೆ ಮುಗಿದ ದಿನ ಮೂವರೂ ತಲೆಯಿಂದ ಇಳಿದು ಹೋದರು. ಆಮೇಲೆ ಕೆಲಸ ಸಿಕ್ಕಿತು. ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸುತ್ತ ತೆಂಗಿನ ತೋಟ. 24 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಮಕ್ಕಳಿಗೆ ಹೇಗೆ ಕಲಿಸಬೇಕು ಎಂದು ನನಗೆ ಹೇಳಿದವರಿಗೆ ಲೆಕ್ಕವಿಲ್ಲ. ತರಬೇತಿಯಲ್ಲಿ ಹೇಳಿದರು, ಸುತ್ತೋಲೆಯಲ್ಲಿ ಹೇಳಿದರು, ಈಗ ವಾಟ್ಸಾಪ್ ಗ್ರೂಪಿನಲ್ಲೂ ಹೇಳುತ್ತಾರೆ. ಮಳೆಗಾಲದ ಮಧ್ಯಾಹ್ನ ಮೂರು ಗಂಟೆಗೆ, ಕರೆಂಟ್ ಇಲ್ಲದ ಕೋಣೆಯಲ್ಲಿ, ಎರಡು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡಿದವರು ಅವರಲ್ಲಿ ಎಷ್ಟು ಜನವೋ!

ಆದರೂ ಮೂರು ಪುಸ್ತಕ ನನ್ನ ಬೀರುವಿನಲ್ಲಿ ಉಳಿದಿವೆ. ಒಂದು ಜಪಾನಿನದು, ಒಂದು ಗುಜರಾತಿನದು, ಒಂದು ಇಟಲಿಯದು. ಈ ಬೇಸಿಗೆ ರಜೆಯಲ್ಲಿ ಮೂರನ್ನೂ ಒಂದರ ಹಿಂದೆ ಒಂದು ಮತ್ತೆ ಓದಿದೆ. ಯಾವುದು ಕೊಳ್ಳಲಿ ಎಂದು ಕೇಳುವ ಹೊಸ ಟೀಚರ್‌ಗಳಿಗೆ, ಶಾಲೆಗೆ ಹೋಗುವ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ನನಗೆ ಅನ್ನಿಸಿದ್ದು ಇದು.

'ತೊತ್ತೊಚಾನ್' ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅಲ್ವಾ? ಓದದವರೂ ಹೆಸರು ಕೇಳಿರುತ್ತಾರೆ. ಕನ್ನಡದಲ್ಲೂ ಇದೆ. ನನ್ನ ಪ್ರತಿ ತುಮಕೂರಿನ ಒಂದು ಪುಸ್ತಕ ಪ್ರದರ್ಶನದಲ್ಲಿ ಕೊಂಡದ್ದು. ರಕ್ಷಾಪುಟದ ಮೇಲೆ ಸಾರಿನ ಕಲೆ ಇದೆ, ಅದು ನನ್ನ ಮಗಳ ಕೃಪೆ. ಬರೆದವರು ತೆತ್ಸುಕೊ ಕುರೊಯಾನಗಿ. ಜಪಾನಿನಲ್ಲಿ 1981ರಲ್ಲಿ ಬಂತು. ಅವರು ಅಲ್ಲಿ ಮನೆಮನೆಗೂ ಗೊತ್ತಿರುವ ಟಿವಿ ಮುಖ. ಆದರೆ ಪುಸ್ತಕದಲ್ಲಿರುವುದು ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ತೊತ್ತೊಚಾನ್, ಅಂದರೆ ಚಿಕ್ಕಂದಿನ ಅವರೇ. ಅವಳ ತಪ್ಪೇನು? ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಮುಚ್ಚುವುದು. ಕಿಟಕಿ ಹತ್ತಿರ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆಯುವುದು. ಏನು ಮಾಡುತ್ತಿದ್ದೀಯ ಎಂದು ಪಾಠದ ನಡುವೆ ಹಕ್ಕಿಯನ್ನು ಕೇಳುವುದು.

ಅವಳ ಅಮ್ಮ ಮಗಳನ್ನು ಟೋಕಿಯೊದ ತೊಮೊಯೆ ಎಂಬ ಪುಟ್ಟ ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಹಳೆಯ ರೈಲು ಬೋಗಿಗಳೇ ತರಗತಿಗಳು. ಮುಖ್ಯೋಪಾಧ್ಯಾಯರು ಸೊಸಾಕು ಕೊಬಯಾಶಿ. ಅವರು ಅಮ್ಮನನ್ನು ಮನೆಗೆ ಕಳಿಸಿ, ಕುರ್ಚಿ ಎಳೆದುಕೊಂಡು ಹುಡುಗಿಯ ಎದುರು ಕೂರುತ್ತಾರೆ. ಏನು ಬೇಕಾದರೂ ಹೇಳು ಎನ್ನುತ್ತಾರೆ. ಅವಳು ನಾಲ್ಕು ಗಂಟೆ ಮಾತಾಡುತ್ತಾಳೆ. ಅವರು ನಾಲ್ಕು ಗಂಟೆಯೂ ಕೇಳುತ್ತಾರೆ. ಆಕಳಿಸುವುದಿಲ್ಲ.

ನಾನು ಈ ಪುಟಕ್ಕೆ ಬಂದಾಗಲೆಲ್ಲ ಅತ್ತಿದ್ದೇನೆ. ಮೂರು ಓದಿನಲ್ಲೂ. ಈ ಸಲ ಅತ್ತ ಮೇಲೆ ಕಣ್ಣೊರೆಸಿಕೊಂಡು ಲೆಕ್ಕ ಹಾಕಿದೆ. ನನ್ನ ಆರನೇ ತರಗತಿಯಲ್ಲಿ 27 ಮಕ್ಕಳು. ಒಬ್ಬೊಬ್ಬರಿಗೆ ನಾಲ್ಕು ಗಂಟೆ ಎಂದರೆ 108 ಗಂಟೆ. ನಾನು ದಾಖಲಾತಿ ಮಾಡಿಕೊಳ್ಳುವಾಗ ಕೇಳಿದ್ದು ಮೂರೇ ಪ್ರಶ್ನೆ. ಆಧಾರ್ ತಂದಿದ್ದೀಯಾ, ಜನ್ಮ ದಿನಾಂಕ ಎಷ್ಟು, ಜಾತಿ ಪ್ರಮಾಣಪತ್ರ ಎಲ್ಲಿ.

ಇಷ್ಟವಾದ ಇನ್ನೊಂದು ಜಾಗ ಹೇಳಲೇಬೇಕು. ತೊತ್ತೊಚಾನಳ ಪರ್ಸು ಶೌಚಾಲಯದ ಗುಂಡಿಗೆ ಬೀಳುತ್ತದೆ. ಅವಳು ಹೊರಗಡೆಯಿಂದ ಮುಚ್ಚಳ ತೆಗೆದು, ಉದ್ದ ಹಿಡಿಯ ಸೌಟಿನಲ್ಲಿ ಗುಂಡಿಯನ್ನೇ ಮೊಗೆದು ಹೊರಗೆ ರಾಶಿ ಹಾಕುತ್ತಾಳೆ. ಹೆಡ್ ಮಾಸ್ಟರ್ ಆ ದಾರಿಯಲ್ಲಿ ಬರುತ್ತಾರೆ. ನೋಡುತ್ತಾರೆ. ಮುಗಿದ ಮೇಲೆ ಎಲ್ಲ ವಾಪಸು ಹಾಕುತ್ತೀಯ ತಾನೆ ಎಂದಷ್ಟೇ ಕೇಳಿ ಹೊರಟುಬಿಡುತ್ತಾರೆ. ನಾನಾಗಿದ್ದರೆ ಅವಳ ಅಪ್ಪನಿಗೆ ಫೋನ್ ಮಾಡಿರುತ್ತಿದ್ದೆ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರಿಗೂ.

ಊಟದ ಡಬ್ಬಿಯಲ್ಲಿ ಸಮುದ್ರದ್ದು ಏನಾದರೂ, ಬೆಟ್ಟದ್ದು ಏನಾದರೂ ಇರಬೇಕು ಎಂಬ ಕೊಬಯಾಶಿಯವರ ನಿಯಮವನ್ನೂ ಎಲ್ಲರೂ ಹೊಗಳುತ್ತಾರೆ. ಎರಡರಲ್ಲಿ ಒಂದನ್ನು ತರದ ಮಕ್ಕಳಿಗೆ ಅವರ ಹೆಂಡತಿ ಪಾತ್ರೆಯಿಂದ ಬಡಿಸುತ್ತಾರಂತೆ. ಚೆನ್ನಾಗಿದೆ. ನಮ್ಮಲ್ಲಿ ಬಿಸಿಯೂಟ. ಎಲ್ಲರಿಗೂ ಒಂದೇ ಸಾಂಬಾರ್. ಅದು ಸಮುದ್ರದ್ದೂ ಅಲ್ಲ, ಬೆಟ್ಟದ್ದೂ ಅಲ್ಲ, ಬೇಳೆಯದು.

ಈಗ ನನ್ನ ತಕರಾರು. ತೊಮೊಯೆಯಲ್ಲಿ ಇದ್ದದ್ದು ಸುಮಾರು 50 ಮಕ್ಕಳು. ತೊತ್ತೊಚಾನಳ ಅಪ್ಪ ಪಿಟೀಲು ವಾದಕರು. ಒಂದು ಶಾಲೆ ಬೇಡ ಎಂದರೆ ಇನ್ನೊಂದು ಶಾಲೆ ಹುಡುಕುವ ಅಮ್ಮ ಅವಳಿಗಿದ್ದಳು. ಹೊರಗೆ ಹಾಕಿದ್ದಾರೆ ಎಂಬ ಸುದ್ದಿಯನ್ನು ಮಗಳಿಗೆ 20 ವರ್ಷ ದಾಟುವವರೆಗೂ ಹೇಳದ ಜಾಣತನವೂ ಆ ಅಮ್ಮನಿಗಿತ್ತು. ಅಂಥ ಅಮ್ಮ ಇಲ್ಲದ ಮಕ್ಕಳು ಆ ಮೊದಲನೇ ಶಾಲೆಯ ಕಿಟಕಿಯಲ್ಲಿ ಎಷ್ಟು ಜನ ನಿಂತಿದ್ದರೋ, ಅವರ ಮೇಲೆ ಪುಸ್ತಕ ಬರಲಿಲ್ಲ. 1945ರಲ್ಲಿ ಬಾಂಬು ಬಿದ್ದು ತೊಮೊಯೆ ಸುಟ್ಟುಹೋಯಿತು. ಹಾಗಾಗಿ ಅದು ಕೊನೆಯವರೆಗೂ ನೆನಪಿನ ಶಾಲೆಯಾಗಿಯೇ ಉಳಿಯುತ್ತದೆ. ನೆನಪಿನ ಶಾಲೆಗೆ ತಪಾಸಣೆಗೆ ಬರುವವರಿಲ್ಲ. ತೊತ್ತೊಚಾನ್ ಓದಿ. ಮಕ್ಕಳಿಗೂ ಓದಿ ಹೇಳಿ. ಚಿಹಿರೊ ಇವಾಸಾಕಿಯವರ ಚಿತ್ರಗಳಿಗಾದರೂ ಕೊಳ್ಳಿ. ಆದರೆ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗುವಾಗ ಅದು ನಿಮ್ಮ ಜೊತೆ ಬಾಗಿಲವರೆಗೆ ಮಾತ್ರ ಬರುತ್ತದೆ.

ಒಳಗೆ ಬರುವುದು 'ದಿವಾಸ್ವಪ್ನ'.

ಬರೆದವರು ಗಿಜುಭಾಯಿ ಬಧೇಕಾ. ಮೂಲದಲ್ಲಿ ವಕೀಲರು. ಮಗ ಹುಟ್ಟಿದ ಮೇಲೆ ಇವನಿಗೆ ಹೇಗೆ ಕಲಿಸಲಿ ಎಂಬ ಚಿಂತೆ ಹತ್ತಿ, ಮಾಂಟೆಸ್ಸೊರಿ ಓದಿ, ವಕೀಲಿಕೆ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ಶುರು ಮಾಡಿದರು. ದಪ್ಪ ಮೀಸೆ ಇತ್ತು. ಅದಕ್ಕೆ ಗುಜರಾತಿನಲ್ಲಿ ಅವರಿಗೆ 'ಮೀಸೆ ಇರುವ ಅಮ್ಮ' ಎಂದೇ ಹೆಸರು. 1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು.

ದಿವಾಸ್ವಪ್ನ ಕಥೆಯ ರೂಪದಲ್ಲಿದೆ. ಲಕ್ಷ್ಮೀರಾಮ ಎಂಬ ಮೇಷ್ಟ್ರು ಶಿಕ್ಷಣಾಧಿಕಾರಿಯ ಹತ್ತಿರ ಹೋಗಿ, ನನಗೆ ನಾಲ್ಕನೇ ತರಗತಿಯನ್ನು ಒಂದು ವರ್ಷ ಕೊಡಿ, ನನ್ನ ರೀತಿ ಕಲಿಸುತ್ತೇನೆ ಎನ್ನುತ್ತಾನೆ. ಅಧಿಕಾರಿ ಒಪ್ಪುತ್ತಾರೆ. ಆದರೆ ವರ್ಷದ ಕೊನೆಗೆ ಪರೀಕ್ಷೆ ಇದ್ದೇ ಇರುತ್ತದೆ ಎನ್ನುತ್ತಾರೆ. ಮೇಷ್ಟ್ರು ರಾತ್ರಿಯೆಲ್ಲ ಕೂತು ಯೋಜನೆ ಬರೆಯುತ್ತಾನೆ. ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸಬೇಕು. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಆಮೇಲೆ ಹಾಡು, ಆಮೇಲೆ ಮಾತುಕತೆ. ಮಾರನೇ ದಿನ ಕಿಟಕಿ ಮುಚ್ಚಿ, ಶಾಂತಿ ಎಂದು ಶುರು ಮಾಡುತ್ತಾನೆ. ಒಬ್ಬ ಬೆಕ್ಕಿನ ಹಾಗೆ ಕೂಗುತ್ತಾನೆ. ಇನ್ನೊಬ್ಬ ಕಾಲು ಬಡಿಯುತ್ತಾನೆ. ತರಗತಿ ಸಂತೆಯಾಗುತ್ತದೆ. ಮೇಷ್ಟ್ರು ಸೋತು, ಇವತ್ತು ರಜೆ, ನಾಳೆ ಬನ್ನಿ ಎಂದು ಕಳಿಸಿಬಿಡುತ್ತಾನೆ. ಹೆಡ್ ಮಾಸ್ಟರ್ ಕೆಂಡವಾಗುತ್ತಾರೆ.

ಈ ಒಂದು ಅಧ್ಯಾಯಕ್ಕೆ ನಾನು ಆ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತೇನೆ. ತರಬೇತಿಯಲ್ಲಿ ತೋರಿಸುವ ವಿಡಿಯೊಗಳಲ್ಲಿ ಯಾವ ಪಾಠವೂ ಸೋಲುವುದಿಲ್ಲ. ಮಕ್ಕಳೆಲ್ಲ ಕೈಕಟ್ಟಿ ನಗುತ್ತಿರುತ್ತಾರೆ. ಇಲ್ಲಿ ಮೊದಲ ದಿನವೇ ಸೋಲು. ಮಾರನೇ ದಿನ ಮೇಷ್ಟ್ರು ಯೋಜನೆ ಬದಿಗಿಟ್ಟು ಕಥೆ ಹೇಳುತ್ತಾನೆ. ಕಥೆ ಆ ದಿನಕ್ಕೆ ಮುಗಿಯುವುದಿಲ್ಲ. ಗಂಟೆ ಹೊಡೆದರೂ ಮಕ್ಕಳು ಏಳುವುದಿಲ್ಲ. ಕಥೆಯಿಂದ ಪುಸ್ತಕ, ಪುಸ್ತಕದಿಂದ ಓದು. ಪಠ್ಯಪುಸ್ತಕ ಕೊಳ್ಳುವ ದುಡ್ಡನ್ನು ಒಟ್ಟು ಮಾಡಿ ತರಗತಿಗೊಂದು ಲೈಬ್ರರಿ ಮಾಡುತ್ತಾನೆ. ಉಗುರು, ತಲೆಕೂದಲು, ಟೋಪಿ ಎಲ್ಲ ನೋಡುತ್ತಾನೆ. ವ್ಯಾಕರಣವನ್ನು ಆಟ ಮಾಡುತ್ತಾನೆ.

ನಾನು ಇದರಿಂದ ಕದ್ದದ್ದು ಒಂದೇ ಸೂತ್ರ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು. ಊಟದ ನಂತರ ತೋಟದ ಕಡೆ ಜಾರಿಕೊಳ್ಳುತ್ತಿದ್ದ ಹುಡುಗರು ಇದಕ್ಕೆ ಸಿಕ್ಕಿಬಿದ್ದರು. ಒಂದು ಸಲ ಕಥೆಯ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಸುಮ್ನೆ ಹೊರಗೆ ಹೋದೆ. ವಾಪಸು ಬಂದಾಗ ಐದು ತಲೆ ಒಂದು ಪುಟದ ಮೇಲೆ ಬಾಗಿದ್ದವು. ಅದರಲ್ಲಿ ಒಬ್ಬನಿಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಮುಂದೇನಾಯಿತು ಎಂದು ತಿಳಿಯಲು ಅವನು ಪಕ್ಕದವನ ತೊಡೆ ಚಿವುಟುತ್ತಿದ್ದ.

ಗಿಜುಭಾಯಿ ಕಂಡ ಕನಸಿನಲ್ಲಿ ಸ್ವಲ್ಪ ನಮ್ಮಲ್ಲೂ ಬಂದಿದೆ ಎನ್ನಬೇಕು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ್ದು. ಈಗ ಒಂದರಿಂದ ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ಮಧ್ಯೆ ಜ್ವರ ಬಂದು ಒಂದು ವಾರ ಬರದಿದ್ದರೆ, ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ. ಕಾರ್ಡುಗಳು ಹರಿದ ಮೇಲೆ ಏನು ಎಂಬುದು ಬೇರೆ ಕಥೆ.

ದಿವಾಸ್ವಪ್ನದಲ್ಲಿ ನನಗೆ ಸರಿ ಕಾಣದ್ದೂ ಇದೆ. ತರಗತಿಯಲ್ಲಿ ಹುಡುಗಿಯರ ಸುಳಿವೇ ಇಲ್ಲ. ಮೇಷ್ಟ್ರು ಸೋಲುವುದು ಮೊದಮೊದಲು ಮಾತ್ರ, ಆಮೇಲೆ ಎಲ್ಲದರಲ್ಲೂ ಗೆಲ್ಲುತ್ತಾನೆ. ಪಕ್ಕದ ತರಗತಿಯ ಮೇಷ್ಟ್ರುಗಳು ಅವನಿಗೆ ಗೊಣಗಲು ಸಿಕ್ಕಿದ ಜನ ಅಷ್ಟೆ. ನಾನು ಆ ಪಕ್ಕದ ತರಗತಿಯವಳು. ನಮಗೆ ಸಂಬಳ ಬೇಕು, ವರ್ಗಾವಣೆ ಬೇಕು, ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ವರ್ಷದ ಪ್ರಯೋಗ ಮಾಡಿ ಹೋಗುವವನಿಗೂ, 24 ವರ್ಷ ಅಲ್ಲೇ ಇರುವವಳಿಗೂ ವ್ಯತ್ಯಾಸ ಇದೆ. ಆದರೂ ಬಿ.ಎಡ್ ಮುಗಿಸಿದ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡುವ ಪುಸ್ತಕ ಇದೇ. ಒಂದು ಭಾನುವಾರ ಸಾಕು ಓದಲು.

ಮೂರನೆಯದು ನನಗೆ ಇಷ್ಟವಿಲ್ಲದ ಪುಸ್ತಕ. ಅದರ ಬಗ್ಗೆಯೇ ಜಾಸ್ತಿ ಹೇಳಬೇಕು.

ಇಂಗ್ಲಿಷಿನಲ್ಲಿ ಅದರ ಹೆಸರು 'ಲೆಟರ್ ಟು ಎ ಟೀಚರ್'. ಮೇಡಂಗೆ ಒಂದು ಕಾಗದ ಎಂದುಕೊಳ್ಳಿ. ಇದು ನನಗೆ ಸಿಕ್ಕಿದ್ದು ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತ ಅವರ ವೆಬ್‌ಸೈಟಿನಿಂದ. ಅಲ್ಲಿ ಶಿಕ್ಷಣದ ಪುಸ್ತಕಗಳ ರಾಶಿಯೇ ಇದೆ, ಪುಕ್ಕಟೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆ. ಅಂಗಡಿ ಹುಡುಗ ಹಿಂದೆಮುಂದೆ ಪ್ರಿಂಟ್ ಮಾಡಲು ಮರೆತು ಪುಸ್ತಕ ಎರಡರಷ್ಟು ದಪ್ಪವಾಯಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಇದರ ಇಂಗ್ಲಿಷ್ ಸುಲಭ, ಏಕೆಂದರೆ ಬರೆದವರು ಹಳ್ಳಿ ಹುಡುಗರು.

ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕೆ ಗುಡ್ಡದ ಮೇಲೆ ಬಾರ್ಬಿಯಾನ ಎಂಬ ಜಾಗ. ಹಳ್ಳಿ ಎನ್ನುವ ಹಾಗೂ ಇಲ್ಲ, ಅಲ್ಲೊಂದು ಇಲ್ಲೊಂದು ಮನೆ. 1954ರ ಡಿಸೆಂಬರಿನಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು ಅಲ್ಲಿಗೆ ಹಾಕಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಿಕ್ಷೆಯ ವರ್ಗಾವಣೆ. ಆತ ಅಲ್ಲಿ ಶಾಲೆ ತೆರೆದ. ಸರ್ಕಾರಿ ಶಾಲೆಗಳು ಫೇಲ್ ಮಾಡಿ ಕಳಿಸಿದ ರೈತರ ಮಕ್ಕಳು ಬಂದರು. ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆ. ಭಾನುವಾರವೂ ಶಾಲೆ. ವರ್ಷದ 365 ದಿನವೂ ಶಾಲೆ. ಆಟದ ಪೀರಿಯಡ್ ಇಲ್ಲ. ತೊಮೊಯೆ ಓದಿ ಬಂದವರಿಗೆ ಇದು ಜೈಲಿನ ಹಾಗೆ ಕಾಣಬಹುದು. ಅದಕ್ಕೆ ಒಬ್ಬ ಹುಡುಗನ ಉತ್ತರ ಪುಸ್ತಕದಲ್ಲೇ ಇದೆ. ಅವನ ಹೆಸರು ಲೂಚೊ, ಮನೆಯ ಕೊಟ್ಟಿಗೆಯಲ್ಲಿ 36 ಹಸು. ಸಗಣಿಗಿಂತ ಶಾಲೆ ಯಾವತ್ತಿದ್ದರೂ ವಾಸಿ ಎನ್ನುತ್ತಾನೆ. ನಮ್ಮ ಶಾಲೆಯಲ್ಲೂ ಬೆಳಿಗ್ಗೆ ಕೊಟ್ಟಿಗೆ ಬಾಚಿ ಬರುವ ಮಕ್ಕಳಿದ್ದಾರೆ. ಅವರಿಗೆ ಈ ಸಾಲು ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬ ಗಂಭೀರವಾಗಿ ಕೇಳಿದ, "ಮಿಸ್, 36 ಹಸುನ ಒಬ್ನೇ ನೋಡ್ಕೊಂತಿದ್ನಾ?"

ಬಾರ್ಬಿಯಾನದಿಂದ ಟೀಚರ್ ತರಬೇತಿ ಶಾಲೆಗೆ ಹೋದ ಹುಡುಗರು ಅಲ್ಲಿ ಫೇಲಾದರು. ಫೇಲ್ ಮಾಡಿದ ಮೇಡಂಗೆ ಎಂಟು ಹುಡುಗರು ಸೇರಿ ಬರೆದ ಕಾಗದವೇ ಈ ಪುಸ್ತಕ. 1967ರ ಮೇ ತಿಂಗಳಲ್ಲಿ ಅಚ್ಚಾಯಿತು. ಜೂನ್ 26ಕ್ಕೆ ಮಿಲಾನಿ ತೀರಿಕೊಂಡ, 44 ವರ್ಷಕ್ಕೆ. ಕಾಗದ ಶುರುವಾಗುವುದೇ ಹೀಗೆ: ನಿಮಗೆ ನನ್ನ ಹೆಸರು ನೆನಪಿರಲಿಕ್ಕಿಲ್ಲ, ಅಷ್ಟು ಜನರನ್ನು ಫೇಲ್ ಮಾಡಿದ್ದೀರಿ. ಆದರೆ ನಿಮ್ಮ ನೆನಪು ನನಗೆ ಬರುತ್ತಲೇ ಇತ್ತು.

ಅದನ್ನು ಓದಿ ಪುಸ್ತಕ ಮುಚ್ಚಿಟ್ಟವಳು ಎರಡು ವರ್ಷ ತೆಗೆಯಲಿಲ್ಲ.

ಹುಡುಗರಿಗೆ ಸಿಟ್ಟಿದೆ. ಆದರೆ ಬರೀ ಸಿಟ್ಟಲ್ಲ, ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಒಂದನೇ ತರಗತಿಗೆ ಎಷ್ಟು ಜನ ಸೇರಿದರು, ಎಲ್ಲೆಲ್ಲಿ ಎಷ್ಟು ಜನ ಉದುರಿದರು, ಉದುರಿದವರ ಅಪ್ಪಂದಿರ ಕೆಲಸ ಏನು. ಡಾಕ್ಟರ ಮಗ ಪಿಯೆರಿನೊ ಐದು ವರ್ಷಕ್ಕೇ ಬರೆಯಲು ಕಲಿತು ನೇರವಾಗಿ ಎರಡನೇ ತರಗತಿಗೆ ಬರುತ್ತಾನೆ. ಕೂಲಿಯವನ ಮಗ ಜಾನ್ನಿ ಮನೆಯಲ್ಲಿ ಆಡುವ ಮಾತೇ ಶಾಲೆಯಲ್ಲಿ ತಪ್ಪು. ಹುಷಾರಾಗಿರುವವರಿಗೆ ಔಷಧ ಕೊಟ್ಟು, ಕಾಯಿಲೆಯವರನ್ನು ಹೊರಗೆ ಹಾಕುವ ಆಸ್ಪತ್ರೆ ನಿಮ್ಮ ಶಾಲೆ ಎನ್ನುತ್ತಾರೆ ಹುಡುಗರು.

ರಜೆ ಮುಗಿಯುವ ಮೊದಲೇ ನಾನು ಶಾಲೆಗೆ ಹೋಗಿ ಕಬ್ಬಿಣದ ಬೀರುವಿನಿಂದ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದೆ. ಗೆದ್ದಲು ಒಂದು ಮೂಲೆ ತಿಂದಿತ್ತು. 2004ರಲ್ಲಿ ನನ್ನ ಒಂದನೇ ತರಗತಿಗೆ ಸೇರಿದವರು 34. ಅದೇ ಮಕ್ಕಳು ಏಳನೇ ತರಗತಿ ಮುಗಿಸಿದ 2011ರಲ್ಲಿ 22. ನಡುವೆ 12 ಹೆಸರು ಇಲ್ಲ. ನಾಲ್ಕು ಜನ ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಹೋದದ್ದು ದಾಖಲೆಯಲ್ಲಿದೆ. ಮೂವರ ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದದ್ದು ನನಗೆ ನೆನಪಿದೆ. ಉಳಿದ ಐದು ಹೆಸರಿನ ಮುಂದೆ 'ಸತತ ಗೈರುಹಾಜರಿ, ಹೆಸರು ಕಡಿಮೆ ಮಾಡಿದೆ' ಎಂದು ಕೆಂಪು ಶಾಯಿಯಲ್ಲಿದೆ. ಬರಹ ನನ್ನದೇ. ಆ ಐವರಲ್ಲಿ ಇಬ್ಬರ ಮುಖ ಎಷ್ಟು ಯೋಚಿಸಿದರೂ ಕಣ್ಣಿಗೆ ಬರಲಿಲ್ಲ.

ಆ ಹುಡುಗರು ಹೇಳುವ ಪರಿಹಾರ ಮೂರು. ಯಾರನ್ನೂ ಫೇಲ್ ಮಾಡಬೇಡಿ. ಹಿಂದೆ ಬಿದ್ದವರಿಗೆ ಪೂರ್ತಿ ದಿನ ಶಾಲೆ ನಡೆಸಿ. ಸೋಮಾರಿಗಳಿಗೆ ಒಂದು ಗುರಿ ಕೊಡಿ. ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲನೆಯದರ ಮೇಲೆ ಜಗಳ ಇನ್ನೂ ಮುಗಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಯಾರನ್ನೂ ಅದೇ ತರಗತಿಯಲ್ಲಿ ಉಳಿಸಬಾರದು ಎಂದಿತು. 2019ರಲ್ಲಿ ತಿದ್ದುಪಡಿ ಬಂದು, ಐದು ಮತ್ತು ಎಂಟರಲ್ಲಿ ಉಳಿಸುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು ಎಂದಾಯಿತು. ಫೇಲ್ ಮಾಡದಿದ್ದರೆ ಮಕ್ಕಳು ಓದಲ್ಲ ಎಂದು ಒಬ್ಬರು, ಮಾಡಿದರೆ ಶಾಲೆಗೇ ಬರಲ್ಲ ಎಂದು ಇನ್ನೊಬ್ಬರು. ಎರಡನೇ ಪರಿಹಾರದ ಸುದ್ದಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಸಂಜೆ ಐದೂವರೆಯ ಬಸ್ಸು ತಪ್ಪುತ್ತದೆ. ನಾನೂ ಎತ್ತುವುದಿಲ್ಲ.

ಈ ಪುಸ್ತಕದ ಇನ್ನೊಂದು ಲಾಭ, ಬರೆಯಲು ಕಲಿಸುವ ಒಂದು ವಿಧಾನ. ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳಬೇಕು. ಹೊಳೆದದ್ದನ್ನೆಲ್ಲ ಬರೆಯಬೇಕು, ಒಂದು ಚೀಟಿಗೆ ಒಂದೇ ವಿಷಯ, ಒಂದೇ ಮಗ್ಗುಲಿಗೆ. ಒಂದು ದಿನ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಒಂದೇ ತರದವನ್ನು ತೆಗೆದು, ಉಳಿದವನ್ನು ಗುಡ್ಡೆ ಮಾಡಬೇಕು. ಗುಡ್ಡೆಗಳೇ ಅಧ್ಯಾಯಗಳು. ಆಮೇಲೆ ಜಾಸ್ತಿ ಓದದವರಿಗೆ ಓದಿ ಹೇಳಿ, ಅರ್ಥವಾಗದ ಮಾತು ಹೊಡೆದುಹಾಕಬೇಕು. ಇಡೀ ಪುಸ್ತಕ ಬರೆದದ್ದೇ ಹೀಗೆ.

ಶಾಲೆ ತೆರೆದ ಮೇಲೆ ಜುಲೈನಲ್ಲಿ ಆರನೇ ತರಗತಿಯಲ್ಲಿ ಇದನ್ನು ಮಾಡಿ ನೋಡಿದೆ. ವಿಷಯ 'ನಮ್ಮ ಶಾಲೆ'. ಸಾಮಾನ್ಯವಾಗಿ ಈ ಪ್ರಬಂಧಕ್ಕೆ 'ನಮ್ಮ ಶಾಲೆಯು ಸುಂದರವಾಗಿದೆ, ಶಾಲೆಯ ಮುಂದೆ ಕೈತೋಟವಿದೆ' ಎಂದು 27 ಪ್ರತಿ ಬರುತ್ತದೆ. ಕೈತೋಟ ಇಲ್ಲದಿದ್ದರೂ ಬರುತ್ತದೆ. ಈ ಸಲ ಹೆಸರು ಹಾಕಬೇಡಿ ಎಂದೆ. ಒಂದು ವಾರಕ್ಕೆ 143 ಚೀಟಿ ಬಿದ್ದವು. ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ಹುಣಸೆ ಬೀಜ ಇಟ್ಟು, ಮಕ್ಕಳೇ ಗುಡ್ಡೆ ಮಾಡಿದರು. ನೀರಿನ ಗುಡ್ಡೆ ದೊಡ್ಡದು. ಊಟದ್ದು ಅದಕ್ಕಿಂತ ದೊಡ್ಡದು. "ಟೀಚರ್ ಕಕ್ಕಸಿಗೆ ಬೀಗ, ನಮ್ಮದಕ್ಕೆ ಬಾಗಿಲೇ ಇಲ್ಲ" ಎಂಬುದು ಮೂರು ಚೀಟಿಯಲ್ಲಿತ್ತು. ಅದನ್ನು ಪಂಚಾಯಿತಿಗೆ ಕಾಗದ ಮಾಡಿ ಕಳಿಸಿದೆವು. ಬಾಗಿಲು ಬಂದಿದೆ, ಚಿಲಕ ಬರಬೇಕು.

ಯಾವ ಗುಡ್ಡೆಗೂ ಸೇರದ ಒಂದು ಚೀಟಿ ಉಳಿಯಿತು. ಪೆನ್ಸಿಲಿನಲ್ಲಿ ಬರೆದದ್ದು. "ಟೀಚರ್ ನನ್ನ ಎಸರು ಕರೆಯೋದು ಆಜರಿಗೆ ಮಾತ್ರ."

ನಮ್ಮ ಕಡೆ ಹಕಾರ ನುಂಗುವ ಮಕ್ಕಳು ಅರ್ಧ ತರಗತಿ. ಅದರಿಂದ ಯಾರದೆಂದು ಗೊತ್ತಾಗುವುದಿಲ್ಲ. ಅಕ್ಷರ ಹೋಲಿಸಿ ನೋಡಬಹುದಿತ್ತು, ನೋಡಲಿಲ್ಲ. ಮಾರನೇ ದಿನ ಹಾಜರಿ ಮುಗಿದ ಮೇಲೆ, ನಾನು ಯಾರ ಹೆಸರು ಕರೆದರೂ ಪುಸ್ತಕದ ಹಿಂದೆ ಒಂದು ಗೀಟು ಹಾಕುತ್ತಾ ಹೋದೆ. ಸಂಜೆಗೆ ಗೀಟು ಬಿದ್ದದ್ದು 11 ಹೆಸರಿಗೆ. ಅದರಲ್ಲಿ ನಾಲ್ಕು ಬೈಯಲು ಕರೆದದ್ದು. ಉಳಿದವರು 16.

ಸ್ಪೈರಲ್ ಪುಸ್ತಕವನ್ನು ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಓದಿ ಕೊಡುತ್ತೇನೆಂದು ತೆಗೆದುಕೊಂಡು ಹೋಗಿದ್ದಾರೆ. ಹೇಗಿದೆ ಸರ್ ಎಂದು ಮೊನ್ನೆ ಸಮಾಲೋಚನಾ ಸಭೆಯಲ್ಲಿ ಕೇಳಿದೆ. "ಮೊದಲನೇ ಪುಟ ಓದಿ ಮುಚ್ಚಿಟ್ಟಿದ್ದೀನಿ ಮೇಡಂ" ಎಂದರು.